ಕೆಲ್-ಟೆಕ್ ಬಂದೂಕು ಕೊಳ್ಳಬಹುದೇ? ಟೆಕ್ಸಸ್‌ನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಮೂಲತಃ ಕೊಡಗಿನವನು. ಟೆಕ್ಸಸ್‌ನಲ್ಲಿ ಹೆಂಡತಿ ಮತ್ತು ಇಬ್ಬರು ಚಿಕ್ಕ ಮಕ್ಕಳೊಂದಿಗೆ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಇತ್ತೀಚೆಗೆ ಗ್ರೀನ್ ಕಾರ್ಡ್ ಸಿಕ್ಕಿದೆ. ಊರಿನ ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನಾದರೂ ಸ್ವಂತಕ್ಕೆಂದು ಕೊಂಡವನಲ್ಲ. ವಾರಾಂತ್ಯದ ಗುರಿ ಅಭ್ಯಾಸಕ್ಕೂ ಮನೆಯ ರಕ್ಷಣೆಗೂ ಒಂದೇ ಬಂದೂಕು ಇರಲಿ ಎಂಬುದು ನನ್ನ ಯೋಚನೆ. ಕೆಲ್-ಟೆಕ್ ಕಂಪನಿಯ ಮಡಚುವ ಸಬ್-2000 ಮತ್ತು ತೋಟಾ ತುಂಬಿಡುವ ಎರಡು ಮ್ಯಾಗಜಿನ್ ಕೊಳವೆಗಳ ಕೆಎಸ್‌ಜಿ ಶಾಟ್‌ಗನ್ ಎರಡೂ ಮನಸ್ಸಿಗೆ ಬಂದಿವೆ. ಆದರೆ ‘ಕಲ್ಪನೆ ಚೆನ್ನಾಗಿದೆ, ತಯಾರಿಕೆ ಅಗ್ಗದ್ದು’ ಎಂದು ಬಲ್ಲವರು ಎಚ್ಚರಿಸುತ್ತಾರೆ. ನಾನು ಎಡಗೈಯವನು ಎಂಬುದನ್ನೂ ಗಮನಿಸಿ. ಯಾವುದನ್ನು ಕೊಳ್ಳಲಿ? ಬೇಸಿಗೆಗೆ ಬರುವ ತಂದೆಯವರನ್ನು ರೇಂಜಿಗೆ ಕರೆದೊಯ್ಯಬಹುದೇ? ಮುಂದೆ ಊರಿಗೆ ಮರಳುವಾಗ ಬಂದೂಕನ್ನು ಜೊತೆಗೆ ತರಬಹುದೇ?

ಉತ್ತರ: ನಿಮ್ಮ ಅಗತ್ಯ ಮತ್ತು ಅನುಭವವನ್ನು ನೋಡಿದರೆ ಸಬ್-2000 ಕೊಳ್ಳಬಹುದು, ಕೆಎಸ್‌ಜಿಯನ್ನು ಸದ್ಯಕ್ಕೆ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮನ್ನು ಎಚ್ಚರಿಸಿದವರ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಅರ್ಧ ಸತ್ಯ. ಕೆಲ್-ಟೆಕ್‌ನ ಬಂದೂಕನ್ನು ಕೊಳ್ಳುವವರು ಬೇರೆ ಯಾರೂ ಮಾಡದ ಒಂದು ವಿನ್ಯಾಸವನ್ನು ಕಡಿಮೆ ಬೆಲೆಗೆ ಪಡೆಯುತ್ತಾರೆ. ಆ ಬೆಲೆಯನ್ನು ಇಳಿಸಲು ಕಂಪನಿ ಎಲ್ಲಿ ಕೈಬಿಗಿ ಮಾಡಿದೆ ಎಂಬುದು ತಿಳಿದಿದ್ದರೆ, ಮತ್ತು ಉಳಿದ ಹಣವನ್ನು ಆ ಬಂದೂಕು ನಂಬಿಕೆಗೆ ಅರ್ಹವೇ ಎಂದು ಪರೀಕ್ಷಿಸುವುದಕ್ಕೆ ಖರ್ಚು ಮಾಡುವ ಮನಸ್ಸಿದ್ದರೆ, ಅದು ಒಳ್ಳೆಯ ವ್ಯವಹಾರ. ವಿಚಿತ್ರವಾಗಿದೆ, ಅಗ್ಗವಾಗಿದೆ ಎಂಬ ಎರಡೇ ಕಾರಣಕ್ಕೆ ಕೊಂಡರೆ ಆರು ತಿಂಗಳಲ್ಲಿ ಅದು ಕಪಾಟಿನ ಮೂಲೆ ಸೇರುತ್ತದೆ.

ಮೊದಲು ತಯಾರಕರ ಬಗ್ಗೆ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಕಂಪನಿಯ ಗುಣದೋಷಗಳೆರಡೂ ಅದರ ಹುಟ್ಟಿನಲ್ಲಿಯೇ ಇವೆ. ಸ್ವೀಡನ್‌ನಲ್ಲಿ ಹುಟ್ಟಿದ ಜಾರ್ಜ್ ಕೆಲ್‌ಗ್ರೆನ್ ಎಂಬ ವಿನ್ಯಾಸಕಾರರು 1991ರಲ್ಲಿ ಫ್ಲಾರಿಡಾದ ಕೊಕೋ ಪಟ್ಟಣದಲ್ಲಿ ಇದನ್ನು ಸ್ಥಾಪಿಸಿದರು. ಅದಕ್ಕೂ ಮೊದಲು ಅವರು ನಡೆಸುತ್ತಿದ್ದ ಗ್ರೆಂಡೆಲ್ ಎಂಬ ಸಂಸ್ಥೆ ಪಿ-10 ಎಂಬ ಪಿಸ್ತೂಲನ್ನು ತಂದಿತ್ತು. ಅದರಲ್ಲಿ ಬಿಚ್ಚಿ ತೆಗೆಯುವ ಮ್ಯಾಗಜಿನ್ನೇ ಇರಲಿಲ್ಲ, ತೋಟಾಗಳನ್ನು ಪಟ್ಟಿಯಿಂದ ಮೇಲಿನಿಂದಲೇ ಒತ್ತಿ ತುಂಬಬೇಕಿತ್ತು. ಮೂರು ದಶಕಗಳ ಮೇಲೆ, 2025ರಲ್ಲಿ, ಕೆಲ್-ಟೆಕ್ ಅದೇ ರೀತಿ ಮೇಲಿನಿಂದ ತುಂಬುವ ಪಿಆರ್57 ಎಂಬ ಪಿಸ್ತೂಲನ್ನು ಹೊರತಂದಿತು. ಮಾರುಕಟ್ಟೆ ಕೇಳಲಿ, ಬಿಡಲಿ, ತಲೆಗೆ ಹೊಳೆದದ್ದನ್ನು ಮಾಡಿ ನೋಡುವ ಈ ಹಟವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಂಪನಿಯ ಆರಂಭದ ಕಸುಬು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಲ್ಲಿ ಬಿಡಿಭಾಗ ಕಡೆಯುವುದು. ಅದರ ಮೊದಲ ಬಂದೂಕಾದ ಪಿ-11 ಪಿಸ್ತೂಲು ಬಂದದ್ದು 1995ರಲ್ಲಿ. 1999ರ ಪಿ-32 ಖಾಲಿ ಇದ್ದಾಗ 200 ಗ್ರಾಂ ಕೂಡ ತೂಗುತ್ತಿರಲಿಲ್ಲ. 2003ರಲ್ಲಿ ಅದರ ಬೆನ್ನಿಗೇ ಬಂದ ಪಿ-3ಎಟಿಯನ್ನೂ 2008ರಲ್ಲಿ ರೂಗರ್ ಕಂಪನಿ ತಂದ ಎಲ್‌ಸಿಪಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ, ಚಿಕ್ಕ ಕಂಪನಿಯ ಕಲ್ಪನೆಯನ್ನು ದೊಡ್ಡ ಕಂಪನಿಯೊಂದು ಇನ್ನಷ್ಟು ನಯಗೊಳಿಸಿ ಎಷ್ಟು ಹತ್ತಿರದಿಂದ ಅನುಸರಿಸಿತು ಎಂಬುದು ಕಣ್ಣಿಗೇ ಕಾಣುತ್ತದೆ. ಜೇಬಿನಲ್ಲಿ ಹಿಡಿಯುವ ಚಪ್ಪಟೆ ಪಿಸ್ತೂಲಿನ ಈಗಿನ ರೂಪಕ್ಕೆ ದಾರಿ ಹಾಕಿದವರಲ್ಲಿ ಕೆಲ್‌ಗ್ರೆನ್ ಮುಂಚೂಣಿಯವರು ಎಂದರೆ ಉತ್ಪ್ರೇಕ್ಷೆಯಾಗದು.

ಇನ್ನು ಅಗ್ಗದ ವಿಷಯ. ಸಬ್-2000, ಕೆಎಸ್‌ಜಿ, ಇದೇ ಕಂಪನಿಯ ಪಿಎಂಆರ್-30 ಪಿಸ್ತೂಲು ಇವುಗಳ ಹೊರಮೈ ಗಾಜಿನ ನಾರು ಬೆರೆಸಿದ ನೈಲಾನಿನದು. ಪಿಎಂಆರ್-30 ಮತ್ತು ಸಬ್-2000ಗಳಲ್ಲಿ ಎಡ ಮತ್ತು ಬಲದ ಎರಡು ಅಚ್ಚಿನ ಹೋಳುಗಳನ್ನು ಎದುರುಬದುರು ಕೂಡಿಸಿ ಸ್ಕ್ರೂಗಳಿಂದ ಬಿಗಿಯುತ್ತಾರೆ. ಇದರಿಂದ ತೂಕವೂ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಕೈಗೆ ಎತ್ತಿಕೊಂಡಾಗ ಮಾತ್ರ ಅಚ್ಚಿನ ಗೆರೆ ಬೆರಳಿಗೆ ತಾಗುತ್ತದೆ, ಟ್ರಿಗರ್ ಎಳೆಯುವಾಗ ಒಳಗೆ ಮರಳು ಉಜ್ಜಿದಂತೆ ತರಗುಟ್ಟುತ್ತದೆ, ಆಟಿಕೆ ಹಿಡಿದ ಅನುಮಾನ ಬರುತ್ತದೆ. ಈ ಅನುಮಾನಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಸ್ಫೋಟದ ಒತ್ತಡವನ್ನು ತಡೆಯುವುದು ಉಕ್ಕಿನ ನಳಿಗೆ ಮತ್ತು ಅದರ ಬುಡವನ್ನು ಮುಚ್ಚುವ ಬೋಲ್ಟ್; ಹೊರಗಿನ ನೈಲಾನು ಅವುಗಳನ್ನು ಜಾಗದಲ್ಲಿ ಹಿಡಿದಿಡುವ ಚೌಕಟ್ಟು ಅಷ್ಟೆ. ನಯವಾದ ಮೇಲ್ಮೈಯನ್ನು ಕಂಪನಿ ಬೇಕೆಂದೇ ಬಿಟ್ಟಿದೆ, ಮತ್ತು ಬಿಟ್ಟಿರುವುದು ಸರಿಯಾದ ಕಡೆಯಲ್ಲಿಯೇ.

ನಿಜವಾದ ಎಚ್ಚರಿಕೆ ಬೇಕಾದದ್ದು ಬೇರೆ ಕಡೆ. ಹೊಸ ವಿನ್ಯಾಸದ ಮೊದಮೊದಲ ತಂಡಗಳಲ್ಲಿ ದೋಷಗಳು ಕಾಣಿಸಿಕೊಂಡು, ಗ್ರಾಹಕರ ದೂರಿನ ಮೇಲೆ ಸರಿಯಾಗುವುದು ಈ ಕಂಪನಿಯ ಚರಿತ್ರೆಯಲ್ಲಿ ಮತ್ತೆ ಮತ್ತೆ ನಡೆದಿದೆ. ಮೂವತ್ತು ತೋಟಾ ಹಿಡಿಯುವ, ಆದರೂ ಖಾಲಿ ಇದ್ದಾಗ ಸುಮಾರು 400 ಗ್ರಾಂ ಮಾತ್ರ ತೂಗುವ ಪಿಎಂಆರ್-30 ಪಿಸ್ತೂಲಿನ ಆರಂಭದ ಕೆಲವು ನಳಿಗೆಗಳಿಂದ ಹೊರಟ ಗುಂಡು ನೇರವಾಗಿ ಹೋಗದೆ ಹೊರಳಿಕೊಂಡು ಗುರಿಹಾಳೆಗೆ ಅಡ್ಡಲಾಗಿ ಬಡಿಯುತ್ತಿತ್ತು, ನಳಿಗೆಯನ್ನು ಬದಲಿಸಿಕೊಡಬೇಕಾಯಿತು. ಸಬ್-2000ರ ಎರಡನೇ ಪೀಳಿಗೆಯಲ್ಲಿ 2017ರಲ್ಲಿ ತಯಾರಾದ ಕೆಲವು ನಳಿಗೆಗಳ ಉಕ್ಕಿಗೆ ಶಾಖಸಂಸ್ಕಾರ ಸರಿಯಾಗಿ ಆಗಿಲ್ಲವೆಂದು ಕಂಪನಿಯೇ ಅವನ್ನು ಹಿಂದಕ್ಕೆ ಕರೆಸಿತು. ಇದು ಸಣ್ಣ ವಿಷಯವಲ್ಲ, ಏಕೆಂದರೆ ಈ ಬಂದೂಕಿನಲ್ಲಿ ಕೆನ್ನೆ ಇಡುವ ಜಾಗವೂ ತೋಟಾ ಸಿಡಿಯುವ ಜಾಗವೂ ತೀರಾ ಹತ್ತಿರ. ಆದ್ದರಿಂದ ಹಳೆಯ ಸಬ್-2000 ನಿಮ್ಮ ಮುಂದೆ ಬಂದರೆ ಅದರ ಸೀರಿಯಲ್ ಸಂಖ್ಯೆಯನ್ನು ಕಂಪನಿಗೇ ಕೊಟ್ಟು ವಿಚಾರಿಸದೆ ಹಣ ಎಣಿಸಬೇಡಿ. ಹೊಸ ಮಾದರಿಯೊಂದು ಪ್ರಕಟವಾದ ಮೊದಲ ವರ್ಷದಲ್ಲಿಯೇ ಅದನ್ನು ಕೊಳ್ಳಲು ಓಡಬೇಡಿ ಎಂಬುದನ್ನೂ ನನ್ನ ಬಳಿ ತರಬೇತಿಗೆ ಬರುವ ಎಲ್ಲರಿಗೂ ಹೇಳುತ್ತೇನೆ. ಕೆಲ್-ಟೆಕ್ ಬಳಸುವವರ ನಡುವೆ ‘ಫ್ಲಫ್ ಅಂಡ್ ಬಫ್’ ಎಂಬ ರೂಢಿಯ ಮಾತಿದೆ. ಹೊಸ ಪಿಸ್ತೂಲನ್ನು ಮನೆಗೆ ತಂದೊಡನೆ ಬಿಚ್ಚಿ, ಒರಟು ಅಂಚುಗಳನ್ನೂ ತೋಟಾ ಜಾರುವ ಇಳಿಜಾರನ್ನೂ ಉಜ್ಜಿ ಹೊಳಪು ಕೊಡುವುದನ್ನು ಹಾಗೆ ಕರೆಯುತ್ತಾರೆ. ಅನುಭವಿಗಳಿಗೆ ಅದು ಹವ್ಯಾಸವೇ ಆಗಿಬಿಟ್ಟಿದೆ. ನೀವು ಅದನ್ನು ಮಾಡಬೇಡಿ. ಮೊದಲ ಬಂದೂಕು ಕೊಳ್ಳುವವರು ಎಲ್ಲಿ ಎಷ್ಟು ಉಜ್ಜಬೇಕೆಂದು ತಿಳಿಯದೆ ಕೈಯಾಡಿಸಿದರೆ ವಾರಂಟಿಯ ಮಾತು ಹಾಗಿರಲಿ, ಸುರಕ್ಷತೆಯೇ ಹೋಗುತ್ತದೆ. ತೊಡಕಿದ್ದರೆ ಕಂಪನಿಗೆ ಕಳುಹಿಸಿ, ಅವರೇ ಸರಿಮಾಡಲಿ.

ಈಗ ಸಬ್-2000ಕ್ಕೆ ಬರೋಣ. 2001ರಿಂದ ಮಾರುಕಟ್ಟೆಯಲ್ಲಿರುವ ಇದು ಪಿಸ್ತೂಲಿನ 9 ಎಂಎಂ ತೋಟಾ ಹಾರಿಸುವ, ಸುಮಾರು ಎರಡು ಕಿಲೋ ತೂಗುವ ಕಾರ್ಬೈನ್, ಅಂದರೆ ಗಿಡ್ಡ ರೈಫಲ್. ಮ್ಯಾಗಜಿನ್ ಹಿಡಿಕೆಯೊಳಗೇ ಕೂರುತ್ತದೆ. ಟ್ರಿಗರಿನ ರಕ್ಷಾಕವಚವನ್ನು ಕೆಳಕ್ಕೆ ಎಳೆದರೆ ಬೀಗ ಬಿಡುತ್ತದೆ. ಆಗ 16 ಇಂಚಿಗಿಂತ ಕೊಂಚವೇ ಉದ್ದದ ನಳಿಗೆ ಮೇಲಕ್ಕೆ ತಿರುಗಿ ಹಿಂಭಾಗದ ಕೊಳವೆಯ ಮೇಲೆ ಮಲಗುತ್ತದೆ, ಇಡೀ ಬಂದೂಕು ಸಾಧಾರಣ ಬೆನ್ನುಚೀಲದಲ್ಲಿ ಹಿಡಿಯುವಷ್ಟು ಚಿಕ್ಕದಾಗುತ್ತದೆ. ಹಾಗೆ ತಿರುಗಿದಾಗ ನಳಿಗೆಯ ಬುಡ ಪೂರ್ತಿಯಾಗಿ ಕಣ್ಣಿಗೆ ಬೀಳುವುದರಿಂದ ಒಳಗೆ ತೋಟಾ ಇದೆಯೋ ಇಲ್ಲವೋ ನೋಡುವುದಕ್ಕೂ ಶುಚಿಗೊಳಿಸುವುದಕ್ಕೂ ಇಷ್ಟು ಅನುಕೂಲವಾದ ಕಾರ್ಬೈನ್ ಇನ್ನೊಂದನ್ನು ನಾನು ಕಂಡಿಲ್ಲ. ಆದರೆ ಕ್ರಮ ತಪ್ಪಬಾರದು: ಮೊದಲು ಮ್ಯಾಗಜಿನ್ ಹೊರಗೆ, ನಂತರ ಬೋಲ್ಟ್ ಎಳೆದು ಚೇಂಬರ್ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಖಾಲಿ, ಆಮೇಲೆ ಮಡಚುವುದು. ಮಡಚಿದ ಸ್ಥಿತಿಯಲ್ಲಿ ಇದು ಗುಂಡು ಹಾರಿಸಲಾರದು. ಮಡಚುವ ಸೌಲಭ್ಯ ಸಾಗಿಸಲು ಮತ್ತು ಬೀಗದಲ್ಲಿಡಲು ಇರುವುದೇ ಹೊರತು ದಿಢೀರನೆ ಬಳಸಲು ಅಲ್ಲ.

ಇದರ ಕೆಲಸದ ರೀತಿ ತೀರಾ ಸರಳ. ನಳಿಗೆಗೂ ಬೋಲ್ಟಿಗೂ ಕೊಂಡಿಯಿಲ್ಲ. ಬೋಲ್ಟಿನ ತೂಕ ಮತ್ತು ಸ್ಪ್ರಿಂಗಿನ ಒತ್ತಡವಷ್ಟೇ ಒಂದು ಕ್ಷಣ ತಡೆದು, ಒತ್ತಡ ಇಳಿದ ಮೇಲೆ ಹಿಂದಕ್ಕೆ ಸರಿಯಲು ಬಿಡುತ್ತವೆ. ಆ ಭಾರದ ಬೋಲ್ಟ್ ಪ್ರತಿ ಗುಂಡಿಗೂ ಕೆನ್ನೆ ಒರಗಿರುವ ಕೊಳವೆಯೊಳಗೇ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. 9 ಎಂಎಂ ತೋಟಾಗೆ ಒದೆತ ಕಡಿಮೆ ಎಂದು ನಿರೀಕ್ಷಿಸಿ ಬಂದವರು ಭುಜದಲ್ಲಿ ನಿರೀಕ್ಷೆಗಿಂತ ಗಡುಸಾದ ತಳ್ಳನ್ನೂ ಕೆನ್ನೆಯ ಮೂಳೆಯಲ್ಲಿ ಕುಟ್ಟಿದಂಥ ಅನುಭವವನ್ನೂ ಪಡೆಯುತ್ತಾರೆ. ದಿನವಿಡೀ ಹಾರಿಸುವ ಸುಖ ಇದರಲ್ಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಕೊಳ್ಳಬೇಕು. ಕೊನೆಯ ಗುಂಡು ಮುಗಿದ ಮೇಲೆ ಬೋಲ್ಟ್ ತಾನಾಗಿ ಹಿಂದೆ ನಿಲ್ಲುವ ವ್ಯವಸ್ಥೆ ಮೊದಲ ಎರಡು ಪೀಳಿಗೆಗಳಲ್ಲಿ ಇಲ್ಲ, ಹಾಗಾಗಿ ಖಾಲಿಯಾದದ್ದು ಟ್ರಿಗರ್ ಎಳೆದಾಗಲೇ ತಿಳಿಯುತ್ತದೆ. ಹಳೆಯ ಪೀಳಿಗೆಗಳಲ್ಲಿ ಮೇಲ್ಗಡೆ ದೂರದರ್ಶಕವನ್ನೋ ಕೆಂಪು ಚುಕ್ಕೆಯ ಸಾಧನವನ್ನೋ ಕೂರಿಸಿದರೆ ಅದು ಮಡಚುವುದಕ್ಕೆ ಅಡ್ಡ ಬರುತ್ತಿತ್ತು. ಮೂರನೇ ಪೀಳಿಗೆಯಲ್ಲಿ ನಳಿಗೆಯ ಮುಂಭಾಗವನ್ನೇ ಪಕ್ಕಕ್ಕೆ ತಿರುಗಿಸಿ ಮಡಚುವಂತೆ ಮಾಡಿ ಆ ತೊಡಕನ್ನು ನೀಗಿಸಿದ್ದಾರೆ. ಇಂಥ ಪರಿಹಾರ ಹೊಳೆಯುವುದು ಕೆಲ್-ಟೆಕ್‌ನವರಿಗೇ ಸರಿ.

ನೀವು ಎಡಗೈಯವರಾಗಿರುವುದು ಇಲ್ಲಿ ದೊಡ್ಡ ಅಡ್ಡಿಯಲ್ಲ. ಬೋಲ್ಟ್ ಎಳೆಯುವ ಹಿಡಿ ಕೊಳವೆಯ ಕೆಳಗೆ ನಟ್ಟನಡುವೆ ಇರುವುದರಿಂದ ಯಾವ ಕೈಗೂ ಒಂದೇ. ಖಾಲಿ ತೋಟಾಗಳು ಬಲಕ್ಕೆ ಹಾರುತ್ತವೆ, ಆದರೆ ಅವು ಹೊರಬೀಳುವ ಕಿಂಡಿ ಮುಖಕ್ಕಿಂತ ಮುಂದೆ, ಹಿಡಿಕೆಯ ನೇರದಲ್ಲಿದೆ. ಸೇಫ್ಟಿಯ ಗುಂಡಿ ಮತ್ತು ಮ್ಯಾಗಜಿನ್ ಬಿಡಿಸುವ ಗುಂಡಿ ಮಾತ್ರ ಬಲಗೈಯವರನ್ನು ಮನಸ್ಸಿನಲ್ಲಿಟ್ಟು ಮಾಡಿದವು, ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಕೆಎಸ್‌ಜಿಯ ವಿಷಯದಲ್ಲಿ ನನಗೆ ಮೆಚ್ಚುಗೆಯೂ ಇದೆ, ಹಿಂಜರಿಕೆಯೂ ಇದೆ. 2011ರಲ್ಲಿ ಬಂದ, ಪ್ರತಿ ಗುಂಡಿಗೂ ಮುಂಗೈಯ ಹಿಡಿಯನ್ನು ಹಿಂದೆಳೆದು ಮುಂದೆ ತಳ್ಳಬೇಕಾದ ಈ 12 ಬೋರಿನ ಪಂಪ್ ಶಾಟ್‌ಗನ್ನಿನಲ್ಲಿ ಟ್ರಿಗರಿನ ಹಿಂದೆ, ಕೆನ್ನೆಯ ಕೆಳಗೆ ಯಂತ್ರಭಾಗವಿದೆ; ಹಾಗಾಗಿ 18.5 ಇಂಚಿನ ನಳಿಗೆಯಿದ್ದರೂ ಒಟ್ಟು ಉದ್ದ 26.1 ಇಂಚು ಮಾತ್ರ. ಒಟ್ಟು ಉದ್ದ 26 ಇಂಚಿಗಿಂತ ಅಥವಾ ನಳಿಗೆ 18 ಇಂಚಿಗಿಂತ ಕಡಿಮೆಯಾದ ಶಾಟ್‌ಗನ್ ಅಮೆರಿಕದ ಫೆಡರಲ್ ಕಾನೂನಿನಲ್ಲಿ ವಿಶೇಷ ನೋಂದಣಿ ಬೇಕಾದ ವರ್ಗಕ್ಕೆ ಸೇರುತ್ತದೆ ಎಂಬುದನ್ನು ನೆನೆದರೆ, ವಿನ್ಯಾಸಕಾರರು ಗೆರೆಯ ಅಂಚಿಗೆ ಎಷ್ಟು ಹತ್ತಿರ ನಿಂತು ಅಳತೆ ಹಿಡಿದಿದ್ದಾರೆಂದು ಅರ್ಥವಾಗುತ್ತದೆ. ಇದೇ ಕಾರಣಕ್ಕೆ ಕೆಎಸ್‌ಜಿಯನ್ನಾಗಲಿ ಸಬ್-2000ವನ್ನಾಗಲಿ ಕತ್ತರಿಸಿ ಮೊಟಕುಗೊಳಿಸುವ ಯೋಚನೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಅದು ಗಂಭೀರ ಅಪರಾಧ. ನಳಿಗೆಯ ಕೆಳಗೆ ಎರಡು ಕೊಳವೆಗಳು, ಒಂದೊಂದರಲ್ಲಿ ಏಳು ತೋಟಾಗಳು. ಖಾಲಿ ತೋಟಾ ಕೆಳಕ್ಕೆ ಬೀಳುವುದರಿಂದ ಎಡಗೈಯವರಿಗೆ ಇದಕ್ಕಿಂತ ಒಪ್ಪುವ ಬುಲ್‌ಪಪ್ (ಯಂತ್ರಭಾಗ ಟ್ರಿಗರಿನ ಹಿಂದಿರುವ) ಶಾಟ್‌ಗನ್ ಸಿಗುವುದು ಕಷ್ಟ. ಕಾಗದದ ಮೇಲೆ ಎಲ್ಲವೂ ನಿಮ್ಮ ಪರವಾಗಿಯೇ ಇದೆ.

ಕೈಗೆ ಬಂದಾಗ ಚಿತ್ರ ಬದಲಾಗುತ್ತದೆ. ಒಂದು ಕೊಳವೆ ಮುಗಿದಾಗ ಬಂದೂಕು ತಾನಾಗಿ ಇನ್ನೊಂದಕ್ಕೆ ಹೋಗುವುದಿಲ್ಲ. ಹಿಡಿಕೆಯ ಹಿಂದೆ, ತೋಟಾ ತುಂಬುವ ಬಾಯಿಯ ಬಳಿ ಇರುವ ಸನ್ನೆಯನ್ನು ನೀವೇ ಸರಿಸಬೇಕು. ಆ ಸನ್ನೆ ನಡುವಿನಲ್ಲಿ ನಿಂತರೆ ಎರಡೂ ಕೊಳವೆ ತುಂಬಿದ್ದರೂ ಚೇಂಬರಿಗೆ ಏನೂ ಬರುವುದಿಲ್ಲ. ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಪಂಪ್. ತರಬೇತಿಗೆ ಬಂದ ಹೊಸಬರ ಕೈಯನ್ನು ಗಮನಿಸಿದರೆ, ಮೊದಲ ಗುಂಡಿನ ಸದ್ದಿಗೆ ಬೆಚ್ಚಿದ ಕೈ ಪಂಪನ್ನು ಮುಕ್ಕಾಲು ದಾರಿ ಎಳೆದು ವಾಪಸ್ ತಳ್ಳಿಬಿಡುತ್ತದೆ. ಹಳೆಯ ತೋಟಾ ಹೊರಬೀಳದೆ, ಹೊಸದು ಒಳಬಾರದೆ ಎರಡೂ ಸಿಕ್ಕಿಕೊಳ್ಳುತ್ತವೆ. ಸಾಧಾರಣ ಶಾಟ್‌ಗನ್ನಿನಲ್ಲಿ ಇಂಥದ್ದು ಪಕ್ಕದ ಕಿಂಡಿಯಲ್ಲಿ ಕಾಣುತ್ತದೆ, ಬೆರಳು ಹಾಕಿ ಬಿಡಿಸಬಹುದು. ಕೆಎಸ್‌ಜಿಯಲ್ಲಿ ಅದು ತೋಳಿನ ಸಂದಿಯಲ್ಲಿ, ತಲೆಕೆಳಗು ಮಾಡದ ಹೊರತು ಕಾಣದ ಜಾಗದಲ್ಲಿ ಆಗುತ್ತದೆ. ಜೊತೆಗೆ ಪಂಪ್ ಹಿಡಿಯುವ ಕೈ ನಳಿಗೆಯ ತುದಿಗೆ ಅಂಗೈ ದೂರದಲ್ಲಿರುತ್ತದೆ. ಕೈ ಮುಂದಕ್ಕೆ ಜಾರದಂತೆ ಅಡ್ಡತಡೆಯನ್ನೋ ನೆಟ್ಟನೆಯ ಹಿಡಿಯನ್ನೋ ಹಾಕಿಸದೆ ಕೆಎಸ್‌ಜಿ ಹಾರಿಸಲು ನಾನು ಯಾರಿಗೂ ಅನುಮತಿ ಕೊಡುವುದಿಲ್ಲ. ಗುರಿ ನೋಡುವ ಸಾಧನ ಕೂಡ ಅದರೊಂದಿಗೆ ಬರುವುದಿಲ್ಲ, ಪ್ರತ್ಯೇಕ ಕೊಳ್ಳಬೇಕು. ಒಂದೆರಡು ವರ್ಷ ಬೇರೆ ಶಾಟ್‌ಗನ್ನಿನಲ್ಲಿ ಕೈ ಪಳಗಿದವರ ಪಾಲಿಗೆ ಇದು ಅದ್ಭುತ ಯಂತ್ರ. ಮಧ್ಯರಾತ್ರಿ ನಿದ್ದೆಗಣ್ಣಿನಲ್ಲಿ, ಎದೆ ಬಡಿತದ ನಡುವೆ, ಮೊದಲ ಬಂದೂಕನ್ನು ಕೈಗೆತ್ತಿಕೊಳ್ಳುವವರ ಪಾಲಿಗೆ ಅಲ್ಲ.

ಕೆಲ್-ಟೆಕ್ ಅಲ್ಲದ ದಾರಿಯನ್ನೂ ಹೇಳದಿದ್ದರೆ ಉತ್ತರ ಅಪೂರ್ಣ. ಮಡಚಿ ಚೀಲದಲ್ಲಿಡುವ ಅಗತ್ಯ ನಿಮಗೆ ನಿಜವಾಗಿ ಇಲ್ಲದಿದ್ದರೆ ರೂಗರ್ ಪಿಸಿ ಕಾರ್ಬೈನ್ ಹೆಚ್ಚು ಹಿತವಾದ ಬಂದೂಕು. ಅದು ಮೂರು ಕಿಲೋಗ್ರಾಂ ಆಸುಪಾಸಿನದು, ಆ ಭಾರದಿಂದಲೇ ಒದೆತ ಮೆದು. ಎರಡು ತುಂಡಾಗಿ ಬಿಚ್ಚುತ್ತದೆ, ಗ್ಲಾಕ್ ಕಂಪನಿಯ ಪಿಸ್ತೂಲಿನ ಮ್ಯಾಗಜಿನ್ನನ್ನೂ ಒಪ್ಪುತ್ತದೆ. ಬೆಲೆ ಹೆಚ್ಚು. ಶಾಟ್‌ಗನ್ನೇ ಬೇಕೆಂದರೆ ಮಾಸ್‌ಬರ್ಗ್ ಬಳಗದ ಮಾವೆರಿಕ್ 88 ಕೆಎಸ್‌ಜಿಯ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಅದರಲ್ಲಿ ಹೊಸತನ ಏನೂ ಇಲ್ಲ, ಕಲಿಯುವವರಿಗೆ ಅದೇ ಅದರ ಗುಣ. ಆದರೆ ಅಪಾರ್ಟ್‌ಮೆಂಟಿನ ಚಿಕ್ಕ ಲಾಕರಿನಲ್ಲಿ ಹಿಡಿಯಬೇಕು, ಕಾರಿನ ಡಿಕ್ಕಿಯಲ್ಲಿ ಯಾರ ಕಣ್ಣಿಗೂ ಬೀಳದೆ ರೇಂಜಿಗೆ ಸಾಗಿಸಬೇಕು ಎಂಬ ನಿಮ್ಮ ಪರಿಸ್ಥಿತಿಯಲ್ಲಿ ಮಡಚುವ ಗುಣಕ್ಕೆ ನಿಜವಾದ ಬೆಲೆಯಿದೆ. ಅದಕ್ಕಾಗಿಯೇ ಸಬ್-2000 ಎಂದೆ.

ಕೊಳ್ಳುವಾಗ ಮೊದಲು ನಿರ್ಧರಿಸಬೇಕಾದದ್ದು ಮ್ಯಾಗಜಿನ್. ಸಬ್-2000 ಬೇರೆ ಬೇರೆ ಪಿಸ್ತೂಲುಗಳ ಮ್ಯಾಗಜಿನ್ನಿಗೆ ತಕ್ಕಂತೆ ಬೇರೆ ಬೇರೆ ಹಿಡಿಕೆಗಳಲ್ಲಿ ಬರುತ್ತದೆ. ನಿಮ್ಮ ಬಳಿ ಯಾವ ಪಿಸ್ತೂಲೂ ಇಲ್ಲವಾದ್ದರಿಂದ ಗ್ಲಾಕ್ ಮ್ಯಾಗಜಿನ್ ಹಿಡಿಯುವ ಮಾದರಿಯನ್ನೇ ಆರಿಸಿ. ಅವು ಎಲ್ಲೆಡೆ ಸಿಗುತ್ತವೆ, ಮುಂದೆ ಪಿಸ್ತೂಲು ಕೊಂಡರೆ ಎರಡಕ್ಕೂ ಆಗುತ್ತದೆ. ಅಂಗಡಿಯಲ್ಲಿ ಅನುಮತಿ ಪಡೆದು, ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಐದಾರು ಸಲ ಮಡಚಿ ಬಿಡಿಸಿ ನೋಡಿ: ಬಿಡಿಸಿದಾಗ ನಳಿಗೆ ಅಲುಗಾಡದೆ ಗಟ್ಟಿಯಾಗಿ ಕೂರಬೇಕು, ಕೊಂಡಿಯ ಬಳಿ ಸಂದು ಕಾಣಬಾರದು, ಮುಂದಿನ ಗುರಿಕಡ್ಡಿ ಓರೆಯಾಗಿರಬಾರದು. ಕೆನ್ನೆ ಒರಗಿಸಿದಾಗ ಕಣ್ಣು ಸಹಜವಾಗಿ ಗುರಿಯ ಸಾಲಿಗೆ ಬರದಿದ್ದರೆ, ಕೊಳವೆ ಕೆನ್ನೆಗೆ ಒತ್ತುತ್ತಿದ್ದರೆ, ಬಂದೂಕನ್ನು ಹಿಂದಿರುಗಿಸಿ ಬನ್ನಿ. ಸಾಧ್ಯವಾದರೆ ಬಾಡಿಗೆಗೆ ಕೊಡುವ ರೇಂಜಿನಲ್ಲಿ ಒಂದು ಗಂಟೆ ಹಾರಿಸಿದ ಮೇಲೆಯೇ ನಿರ್ಧರಿಸಿ.

ಇನ್ನು ಕಾನೂನು. ಗ್ರೀನ್ ಕಾರ್ಡ್ ಇರುವವರು ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಕೊಳ್ಳಬಹುದು. ಪರವಾನಗಿ ಪಡೆದ ವ್ಯಾಪಾರಿಯ ಬಳಿ 4473 ಎಂಬ ನಮೂನೆಯನ್ನು ತುಂಬಿ, ಅದರಲ್ಲಿ ಗ್ರೀನ್ ಕಾರ್ಡಿನ ಮೇಲಿರುವ ನಿಮ್ಮ ಸಂಖ್ಯೆಯನ್ನು ಬರೆದು, ಈಗಿನ ವಿಳಾಸವಿರುವ ಸರ್ಕಾರಿ ಗುರುತುಚೀಟಿ ತೋರಿಸಬೇಕು; 1998ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಹಿನ್ನೆಲೆ ತಪಾಸಣೆಯ ನಂತರವೇ ಬಂದೂಕು ಕೈಗೆ ಬರುತ್ತದೆ. ವಲಸೆಗಾರರ ದಾಖಲೆಗಳನ್ನು ಪರಿಶೀಲಿಸಲು ಕೆಲವೊಮ್ಮೆ ತಡವಾಗುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ನಮೂನೆಯಲ್ಲಿ ಒಂದೇ ಒಂದು ಉತ್ತರವನ್ನೂ ಅಂದಾಜಿನಿಂದ ಬರೆಯಬೇಡಿ. ನಾಗರಿಕರಲ್ಲದವರಿಗೆ ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಅದು ಗಡೀಪಾರಿಗೆ ಕಾರಣವಾಗುತ್ತದೆ. ನಿಮ್ಮ ಪಕ್ಕದ ಮನೆಯ ಅಮೆರಿಕನ್ನನಿಗೆ ದಂಡದಲ್ಲಿ ಮುಗಿಯುವ ತಪ್ಪು ನಿಮಗೆ ದೇಶವನ್ನೇ ಬಿಡಿಸಬಹುದು. ಸ್ನೇಹಿತರಿಗೋ ಬಂಧುಗಳಿಗೋ ನಿಮ್ಮ ಹೆಸರಿನಲ್ಲಿ ಕೊಂಡು ಕೊಡುವುದಂತೂ ಬೇಡವೇ ಬೇಡ. ಬಂದೂಕು ಹೊಂದಲು ಅನರ್ಹರಾದವರಿಗೆ ಹಾಗೆ ಕೊಂಡುಕೊಟ್ಟರೆ 2022ರ ಕಾಯಿದೆಯ ನಂತರ 15 ವರ್ಷಗಳವರೆಗೆ ಸೆರೆವಾಸವಿದೆ.

ಎಚ್-1ಬಿ, ಎಚ್-4, ಎಫ್-1 ಮುಂತಾದ ವೀಸಾಗಳ ಮೇಲಿರುವ ನಮ್ಮವರು ಅನೇಕರು ಇದನ್ನು ಓದುತ್ತಿರಬಹುದಾದ್ದರಿಂದ ಸ್ಪಷ್ಟಪಡಿಸುತ್ತೇನೆ: ವಲಸೆಯೇತರ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ನಿಮ್ಮ ತಂದೆಯವರು ಬರುವುದು ಸಂದರ್ಶಕರ ವೀಸಾದಲ್ಲಿ, ಹಾಗಾಗಿ ಈ ನಿಷೇಧ ಅವರಿಗೂ ಅನ್ವಯಿಸುತ್ತದೆ. ರೇಂಜಿನಲ್ಲಿ ನಿಮ್ಮ ಪಕ್ಕದಲ್ಲಿಯೇ ನಿಂತು ಐದು ನಿಮಿಷ ಹಿಡಿದರೂ ಅದು ಹೊಂದಿರುವುದೆಂದೇ ಎಣಿಕೆಯಾಗಬಹುದು, ಕೊಟ್ಟ ತಪ್ಪು ನಿಮ್ಮದಾಗುತ್ತದೆ. ಆಯುಧಪೂಜೆಯನ್ನೂ ಕೈಲ್‌ಪೊಳ್ದನ್ನೂ ಕೋವಿಯೊಂದಿಗೆ ಆಚರಿಸಿದ ಹಿರಿಯರಿಗೆ ಇದು ವಿಚಿತ್ರವಾಗಿ ಕಾಣಬಹುದು. ಅವರಿಗೆ ಬೇಟೆಯ ಪರವಾನಗಿ ಮಾಡಿಸಲು ಸಾಧ್ಯವೇ ಎಂದು ಮೊದಲೇ ವಕೀಲರೊಬ್ಬರನ್ನು ಕೇಳಿ. ಇಲ್ಲದಿದ್ದರೆ ನೋಡಲು ಮಾತ್ರ ಕರೆದೊಯ್ಯಿರಿ. ಟೆಕ್ಸಸ್ ಬಿಟ್ಟು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಕ್ಕೆ ಕೆಲಸದ ಮೇಲೆ ಹೋಗುವ ಸಾಧ್ಯತೆಯಿದ್ದರೆ ಅದನ್ನೂ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಪಿಸ್ತೂಲಿನಂಥ ಹಿಡಿಕೆ, ಹತ್ತಕ್ಕಿಂತ ಹೆಚ್ಚು ತೋಟಾದ ಮ್ಯಾಗಜಿನ್ ಇವುಗಳ ಮೇಲೆ ಅಲ್ಲಿ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಟೆಕ್ಸಸ್‌ನಲ್ಲಿ ಸಾಧಾರಣವೆನಿಸುವ ಸಬ್-2000 ಅಲ್ಲಿ ಕಾನೂನುಬಾಹಿರವಾಗಬಹುದು.

ನಿಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಸಬ್-2000 ಸುಮಾರು 500 ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ದುಬಾರಿ ಕಾರ್ಬೈನ್ ಕೊಳ್ಳದೆ ಉಳಿಸಿದ ಹಣದಲ್ಲಿ ಮೊದಲು ಬರಬೇಕಾದದ್ದು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿಯುವ ಉಕ್ಕಿನ ಪೆಟ್ಟಿಗೆ. ಮಕ್ಕಳ ಕೈಗೆ ಸಿಗುವಂತೆ ತುಂಬಿದ ಬಂದೂಕು ಬಿಡುವುದು ಟೆಕ್ಸಸ್‌ನಲ್ಲಿಯೂ ಅಪರಾಧ, ಆದರೆ ಇಲ್ಲಿ ನಾನು ಕಾನೂನಿಗಾಗಿ ಹೇಳುತ್ತಿಲ್ಲ. ಮಕ್ಕಳು ಮಡಚಿದ ವಸ್ತುವನ್ನು ಕಂಡರೆ ಬಿಡಿಸಿ ನೋಡದೆ ಇರುವುದಿಲ್ಲ, ಮತ್ತು ಇದು ಆಟಿಕೆಯಂತೆಯೇ ಕಾಣುತ್ತದೆ. ತೋಟಾಗಳು ಬೇರೆ ಬೀಗದಲ್ಲಿರಲಿ. ನಂತರದ ಖರ್ಚು ಒಂದು ದಿನದ ತರಬೇತಿ. ಆಮೇಲೆ ತೋಟಾ: ಕಾರ್ಖಾನೆಯಲ್ಲಿ ತಯಾರಾದ, ಹೆಸರಾಂತ ಕಂಪನಿಯ ತೋಟಾಗಳನ್ನೇ ಬಳಸಿ, ಮನೆಯಲ್ಲಿ ಮರುತುಂಬಿದವನ್ನು ಈ ಬಂದೂಕಿಗೆ ಹಾಕಲೇಬೇಡಿ. ಅಭ್ಯಾಸದ ತೋಟಾ ಒಂದಕ್ಕೆ ಸುಮಾರು ಕಾಲು ಡಾಲರ್ ಹಿಡಿಯೋಣ. ಮುನ್ನೂರು ಗುಂಡುಗಳನ್ನು ಎರಡು ಮೂರು ಭೇಟಿಗಳಲ್ಲಿ ಹಾರಿಸಿ, ಯಾವ ಮ್ಯಾಗಜಿನ್ನಿನಲ್ಲಿ, ಎಷ್ಟನೇ ಗುಂಡಿಗೆ, ಏನು ತೊಡಕಾಯಿತು ಎಂದು ಬರೆದಿಡಿ. ತೊಡಕು ಒಂದೇ ಮ್ಯಾಗಜಿನ್ನಿನಲ್ಲಿ ಆಗುತ್ತಿದ್ದರೆ ದೋಷ ಅದರದ್ದು. ಎಲ್ಲದರಲ್ಲೂ ಆದರೆ ಬಂದೂಕನ್ನು ಕಂಪನಿಗೆ ಕಳುಹಿಸಿ. ಕೊನೆಗೆ, ರಕ್ಷಣೆಗೆಂದು ಇಡುವ ಟೊಳ್ಳುಮೂತಿಯ ತೋಟಾಗಳಲ್ಲಿ ಐವತ್ತನ್ನಾದರೂ ಹಾರಿಸಿ, ಒಂದೂ ಸಿಕ್ಕಿಕೊಳ್ಳದಿದ್ದರೆ ಮಾತ್ರ ಮನೆಯ ರಕ್ಷಣೆಯ ಹೊಣೆಯನ್ನು ಇದಕ್ಕೆ ಒಪ್ಪಿಸಿ. ಯಾವ ತೋಟಾ ಆದರೂ ಅಪಾರ್ಟ್‌ಮೆಂಟಿನ ತೆಳುಗೋಡೆಯನ್ನು ದಾಟಬಲ್ಲದು ಎಂಬುದನ್ನು ನೆನಪಿನಲ್ಲಿಟ್ಟು, ಮಕ್ಕಳ ಕೋಣೆ ಮತ್ತು ನೆರೆಮನೆ ಯಾವ ದಿಕ್ಕಿನಲ್ಲಿವೆ ಎಂದು ಹಗಲಿನಲ್ಲಿಯೇ ನಿಂತು ನೋಡಿಕೊಳ್ಳಿ.

ಊರಿಗೆ ತರುವ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ ಆಗಿದೆ. ವಿದೇಶದಿಂದ ವಾಸ ಬದಲಿಸಿಕೊಂಡು ಬರುವವರು ಅಲ್ಲಿ ಕನಿಷ್ಠ ಒಂದು ವರ್ಷ ತಾವು ಬಳಸಿದ ಒಂದು ಬಂದೂಕನ್ನು, ಭಾರತದ ಪರವಾನಗಿ ಪಡೆದು, ಸುಂಕ ಕಟ್ಟಿ ತರಲು ಭಾರತದ ಕಸ್ಟಮ್ಸ್ ನಿಯಮಗಳಲ್ಲಿ ಅವಕಾಶವಿದೆ. ಆದರೆ ಅದು ನಿಷೇಧಿತವಲ್ಲದ ಬೋರಿನದಾಗಿರಬೇಕು (ಬೋರು ಎಂದರೆ ನಳಿಗೆಯ ಒಳ ಅಳತೆ). 9 ಎಂಎಂ ಭಾರತದಲ್ಲಿ ನಿಷೇಧಿತ ಬೋರು. ಕೆಎಸ್‌ಜಿ ಕೂಡ ಪಾರಾಗುವುದಿಲ್ಲ, ಏಕೆಂದರೆ ನಳಿಗೆ 20 ಇಂಚಿಗಿಂತ ಕಡಿಮೆಯಿರುವ ನಯನಳಿಗೆಯ ಬಂದೂಕುಗಳನ್ನು ನಮ್ಮ ಶಸ್ತ್ರಾಸ್ತ್ರ ನಿಯಮಗಳು ನಿರ್ಬಂಧಿತ ವರ್ಗದಲ್ಲಿಟ್ಟಿವೆ, ಅದರ ನಳಿಗೆ 18.5 ಇಂಚು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಇರುವ, ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದ ವಿನಾಯಿತಿ ಪರವಾನಗಿಯ ಅಗತ್ಯಕ್ಕೆ ಸಂಬಂಧಿಸಿದ್ದು; ನಿಷೇಧಿತ ಬೋರಿನ ಆಯುಧವನ್ನು ಆಮದು ಮಾಡಿಕೊಳ್ಳುವ ಹಕ್ಕನ್ನು ಅದು ಕೊಡುವುದಿಲ್ಲ. ಮಡಚಿದ ಸಬ್-2000 ಸೂಟ್‌ಕೇಸಿನಲ್ಲಿ ಹಿಡಿಯುತ್ತದೆ ಎಂಬ ಯೋಚನೆ ಮನಸ್ಸಿನ ಮೂಲೆಯಲ್ಲಿಯೂ ಬೇಡ. ಅಮೆರಿಕದಿಂದ ಅನುಮತಿಯಿಲ್ಲದೆ ಹೊರಗೊಯ್ಯುವುದೂ ಅಪರಾಧ, ಭಾರತದೊಳಗೆ ತರುವುದೂ ಅಪರಾಧ. ಮರಳುವ ದಿನ ಬಂದಾಗ ಅದನ್ನು ಕೊಂಡಂತೆಯೇ, ಪರವಾನಗಿ ಇರುವ ವ್ಯಾಪಾರಿಯ ಮೂಲಕವೇ ಮಾರಿ, ರಸೀದಿಯನ್ನು ಪಾಸ್‌ಪೋರ್ಟಿನ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ. ಸಬ್-2000ಕ್ಕೆ ಟೆಕ್ಸಸ್‌ನಲ್ಲಿ ಬಳಸಿದ ಬಂದೂಕಿನ ಮಾರುಕಟ್ಟೆ ಚೆನ್ನಾಗಿಯೇ ಇದೆ, ಹಾಕಿದ ಹಣದ ಒಳ್ಳೆಯ ಪಾಲು ವಾಪಸ್ ಬರುತ್ತದೆ.